ಚಕ್ರ ನಿಂತ ಮೇಲೆ

ಮೇ ತಿಂಗಳಲ್ಲಿ ರಾಯಚೂರು ಕಡೆಯ ರಸ್ತೆಗಳಲ್ಲಿ ಸೈಕಲ್ ತುಳಿಯುವವರನ್ನು ಕೇಳಿ ನೋಡಿ. ತುಳಿಯುತ್ತಿರುವಾಗ ಬಿಸಿಲು ಅಷ್ಟೇನೂ ಕಾಡುವುದಿಲ್ಲ, ರೈಲ್ವೆ ಗೇಟು ಬಿದ್ದಾಗ ಮಾತ್ರ ಜೀವ ಹೋದಂತಾಗುತ್ತದೆ ಎನ್ನುತ್ತಾರೆ. ಗೇಟಿನ ಮುಂದೆ ಕಾಲೂರಿ ನಿಂತು ಒಂದು ನಿಮಿಷವಾಗಿರುವುದಿಲ್ಲ, ಹಣೆಯಿಂದ ಬೆವರು ಧಾರೆಯಾಗಿ ಇಳಿಯತೊಡಗುತ್ತದೆ, ಅಂಗಿ ಬೆನ್ನಿಗೆ ಅಂಟುತ್ತದೆ. ಆ ಒಂದು ನಿಮಿಷದಲ್ಲಿ ಸೂರ್ಯ ಏನೂ ಮೇಲೇರಿಲ್ಲ. ಸವಾರ ತಾನೇ ಹುಟ್ಟಿಸಿಕೊಂಡಿದ್ದ ಗಾಳಿ ನಿಂತುಹೋಗಿದೆ, ಅಷ್ಟೆ.

ಸೈಕಲ್ ಸವಾರ ತನ್ನ ಹವೆಯನ್ನು ತಾನೇ ತಯಾರಿಸಿಕೊಂಡು ಹೋಗುವ ಪ್ರಾಣಿ. ಕಾಲುಗಳು ಶಾಖ ಹುಟ್ಟಿಸುತ್ತವೆ, ವೇಗ ಗಾಳಿ ಹುಟ್ಟಿಸುತ್ತದೆ. ಸಮತಟ್ಟು ರಸ್ತೆಯಲ್ಲಿ ಇವೆರಡೂ ಹೆಚ್ಚು ಕಡಿಮೆ ಜೊತೆಯಾಗಿ ಏರಿಳಿಯುವುದರಿಂದ ಮೈಯ ಲೆಕ್ಕ ಸರಿಹೋಗುತ್ತದೆ. ಘಾಟಿ ಹತ್ತುವಾಗ ಶಾಖ ಉಂಟು, ಗಾಳಿ ಇಲ್ಲ. ಇಳಿಯುವಾಗ ಗಾಳಿ ಉಂಟು, ಶಾಖ ಇಲ್ಲ. ಪಂಕ್ಚರ್ ಆಗಿ ದಾರಿ ಬದಿಯಲ್ಲಿ ಕೂತಾಗ ಎರಡೂ ಇಲ್ಲ. ಆಗ ಹೊರಗಿನ ಹವೆ, ಅದು ಬಿಸಿಲಾಗಲಿ ಮಳೆಯಾಗಲಿ, ಮೊದಲ ಬಾರಿಗೆ ನೇರವಾಗಿ ಮೈಗೆ ತಾಗುತ್ತದೆ. ಸೈಕಲ್ ಪ್ರಯಾಣದಲ್ಲಿ ಹವೆಯಿಂದ ಬರುವ ತೊಂದರೆಗಳಲ್ಲಿ ಬಹುಪಾಲು ಈ ತಿರುವುಗಳಲ್ಲೇ ಹುಟ್ಟುತ್ತವೆ. ಆದರೆ ನಮ್ಮ ತಯಾರಿಯೆಲ್ಲ ತುಳಿಯುವ ಹೊತ್ತಿಗೆ ಬೇಕಾದ ತಯಾರಿ. ಅಂಗಿ, ಚಡ್ಡಿ, ಬೂಟುಗಳನ್ನು ಆರಿಸುವಾಗ ನಿಂತರೆ ಏನಾದೀತು ಎಂದು ಯೋಚಿಸುವವರು ಕಡಿಮೆ.

ಮೊದಲು ಬಿಸಿಲಿನ ಲೆಕ್ಕ. ಸಾಧಾರಣ ಸವಾರನೊಬ್ಬ ಪೆಡಲ್ ಮೇಲೆ ಸುಮಾರು 100 ವ್ಯಾಟ್ ಶಕ್ತಿ ಹಾಕುತ್ತಾನೆ ಎಂದಿಟ್ಟುಕೊಳ್ಳಿ. ನಮ್ಮ ಸ್ನಾಯುಗಳು ಉಂಡ ಅನ್ನದ ಶಕ್ತಿಯಲ್ಲಿ ನಾಲ್ಕನೇ ಒಂದು ಭಾಗವನ್ನೂ ಸರಿಯಾಗಿ ಚಲನೆಯಾಗಿ ಮಾರ್ಪಡಿಸಲಾರವು, ಉಳಿದದ್ದೆಲ್ಲ ಶಾಖ. ಅಂದರೆ ಚಕ್ರಕ್ಕೆ 100 ವ್ಯಾಟ್ ಕೊಡುವ ದೇಹ ಒಳಗೇ ಹುಟ್ಟುವ 300ರಿಂದ 350 ವ್ಯಾಟ್ ಶಾಖವನ್ನು ಹೊರಹಾಕಬೇಕಾಗುತ್ತದೆ. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಹೊರಗೆ 42 ಡಿಗ್ರಿ ಇದ್ದರೆ ಗಾಳಿಗೆ ಶಾಖ ಬಿಟ್ಟುಕೊಡುವ ಮಾತೇ ಇಲ್ಲ, ಗಾಳಿಯೇ ಮೈಗೆ ಶಾಖ ತುಂಬುತ್ತದೆ. ಉಳಿಯುವ ದಾರಿ ಬೆವರು ಒಂದೇ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆವಿಯಾದರೆ ಸುಮಾರು 24 ಲಕ್ಷ ಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ನಮ್ಮ ಸವಾರನ ಸ್ವಂತ ಶಾಖ ಗಂಟೆಗೆ ಹನ್ನೆರಡು ಲಕ್ಷ ಜೂಲ್ ಚಿಲ್ಲರೆ. ಅದಕ್ಕೆ ಅರ್ಧ ಲೀಟರ್ ಬೆವರು ಸಾಕು. ಬಿಸಿಲು, ಕಾದ ಡಾಂಬರು, ಬಿಸಿಗಾಳಿ ಇವು ಸೇರಿಸುವುದನ್ನೂ ಲೆಕ್ಕ ಹಿಡಿದರೆ ಗಂಟೆಗೆ ಒಂದು ಲೀಟರ್ ಬೇಕಾದೀತು.

‘ಪೂರ್ತಿ ಆವಿಯಾದರೆ’ ಎಂಬ ಮಾತಿನ ಮೇಲೆಯೇ ಎಲ್ಲ ನಿಂತಿದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮೈಗೆ ಕಿಂಚಿತ್ತೂ ಪ್ರಯೋಜನವಿಲ್ಲ. ನೀರು ನಷ್ಟ, ಉಪ್ಪು ನಷ್ಟ, ತಂಪು ಸೊನ್ನೆ. ಕಲಬುರಗಿಯ ಒಣ ಹವೆಯಲ್ಲಿ 42 ಡಿಗ್ರಿ ಉಷ್ಣತೆ, ಶೇ 20 ತೇವಾಂಶ ಇದ್ದಾಗ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು 24 ಡಿಗ್ರಿಯ ಆಸುಪಾಸು ತೋರಿಸುತ್ತದೆ. ಮಂಗಳೂರಿನಲ್ಲಿ 33 ಡಿಗ್ರಿ, ತೇವಾಂಶ ಶೇ 75 ಇರುವ ದಿನ ಅದೇ ಥರ್ಮಾಮೀಟರು 29 ಡಿಗ್ರಿ ತೋರಿಸುತ್ತದೆ. ಬೆವರು ಸುರಿಸುವ ದೇಹಕ್ಕೆ ಮುಖ್ಯವಾದ ಅಂಕಿ ಈ ಒದ್ದೆ ಥರ್ಮಾಮೀಟರಿನದು. ಹಾಗಾಗಿ ಕರಾವಳಿಯಿಂದ ಘಾಟಿ ಹತ್ತುವವರು ಪತ್ರಿಕೆಯಲ್ಲಿ ಬರುವ ಗರಿಷ್ಠ ಉಷ್ಣಾಂಶವನ್ನು ನೋಡಿ ‘ಕಲಬುರಗಿಯಷ್ಟೇನೂ ಇಲ್ಲವಲ್ಲ’ ಎಂದು ಸಮಾಧಾನಪಟ್ಟುಕೊಳ್ಳುವುದು ತಪ್ಪು ಲೆಕ್ಕ. ಕಲಬುರಗಿಯವನಿಗೆ ನೀರು ಸಿಕ್ಕರೆ ಸಾಕು, ಒದ್ದೆ ಟವೆಲ್ಲನ್ನು ತಲೆಗೂ ಕಿವಿಗೂ ಸುತ್ತಿಕೊಂಡು ಬಿಸಿಗಾಳಿಯನ್ನೇ ತಂಪಿನ ಯಂತ್ರವನ್ನಾಗಿ ಮಾಡಿಕೊಳ್ಳಬಲ್ಲ. ಕರಾವಳಿಯವನಿಗೆ ಆ ಉಪಾಯ ಅಷ್ಟಾಗಿ ದಕ್ಕದು. ಅವನಿಗಿರುವ ದಾರಿ ವೇಗ ಇಳಿಸುವುದು, ನೆರಳು ಹುಡುಕುವುದು, ಬೆಳಕು ಹರಿಯುವ ಮೊದಲೇ ಹೊರಡುವುದು.

ಹತ್ತುವಾಗ ಏನಾಗುತ್ತದೆ ಎಂಬುದಕ್ಕೆ ಸೈಕಲ್ ಚರಿತ್ರೆಯಲ್ಲಿ ಒಂದು ಕಹಿ ಉದಾಹರಣೆ ಇದೆ. 1967ರ ಜುಲೈ 13ರಂದು ಟೂರ್ ಡಿ ಫ್ರಾನ್ಸ್ ಸ್ಪರ್ಧಿಗಳು ದಕ್ಷಿಣ ಫ್ರಾನ್ಸಿನ ಮಾಂಟ್ ವೆಂಟೂ ಬೆಟ್ಟವನ್ನು ಹತ್ತುತ್ತಿದ್ದರು. ಅದರ ನೆತ್ತಿ ಬರೀ ಸುಣ್ಣಕಲ್ಲು, ಮರದ ನೆರಳಿಲ್ಲ. ಬ್ರಿಟನ್ನಿನ ಟಾಮ್ ಸಿಂಪ್ಸನ್ ಶಿಖರ ಇನ್ನು ಸ್ವಲ್ಪವೇ ದೂರ ಇರುವಾಗ ಕುಸಿದ, ಮತ್ತೆ ಸೈಕಲ್ ಏರಿದ, ಮತ್ತೆ ಕುಸಿದ. ಅಲ್ಲೇ ಪ್ರಾಣ ಬಿಟ್ಟ. ವಯಸ್ಸು 29. ಅವನ ದೇಹದಲ್ಲಿ ಆಂಫೆಟಮಿನ್ ಮತ್ತು ಮದ್ಯ ಪತ್ತೆಯಾದವು. ಉದ್ದೀಪನ ಮದ್ದಿನ ಕಥೆಯೆಂದೇ ಇದನ್ನು ಹೆಚ್ಚಾಗಿ ಹೇಳುತ್ತಾರೆ. ಅದು ನಿಜವೂ ಹೌದು. ಆದರೆ ಶಾಖದ ಲೆಕ್ಕವನ್ನು ಬಿಟ್ಟರೆ ಕಥೆ ಅರ್ಧವಾಗುತ್ತದೆ. ಕಡಿದಾದ ಏರಿನಲ್ಲಿ ಸವಾರ ತನ್ನ ಪೂರ್ತಿ ಶಕ್ತಿಯಿಂದ ತುಳಿಯುತ್ತಾನೆ, ಮುಂದಕ್ಕೆ ಸರಿಯುವುದು ಮಾತ್ರ ನಿಧಾನ. ಒಲೆ ಉರಿ ದೊಡ್ಡದಾಗಿದೆ, ಬೀಸಣಿಗೆ ನಿಂತಿದೆ. ಸುಸ್ತಾಗಿದೆ ಎಂದು ಮಿದುಳು ಹೇಳುವ ಮಾತನ್ನು ಆಂಫೆಟಮಿನ್ ಕೇಳಿಸದಂತೆ ಮಾಡಿತು, ಮದ್ಯ ನೀರನ್ನು ಕಸಿಯಿತು. ಆ ಕಾಲದ ರೇಸುಗಳಲ್ಲಿ ನೀರು ಪಡೆಯುವುದಕ್ಕೂ ಮಿತಿ ಇತ್ತು. ಹೆಚ್ಚು ಕುಡಿದರೆ ಕಾಲು ಭಾರವಾಗುತ್ತದೆ ಎಂಬ ನಂಬಿಕೆಯೂ ಜೊತೆಗಿತ್ತು.

ಶಾಖಾಘಾತದ ಬಗ್ಗೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿರುವ ಮಾತೊಂದಿದೆ: ಬೆವರು ನಿಂತು ಚರ್ಮ ಒಣಗಿದರೆ ಮಾತ್ರ ಅಪಾಯ ಎಂಬುದು. ಮನೆಯೊಳಗೆ ಸೆಕೆಯಲ್ಲಿ ಮಲಗಿದ ವೃದ್ಧರಲ್ಲಿ ಹೀಗಾಗುವುದುಂಟು. ದುಡಿಯುತ್ತಲೋ ಓಡುತ್ತಲೋ ಸೈಕಲ್ ತುಳಿಯುತ್ತಲೋ ಕುಸಿಯುವವರು ಬೆವರಿನಲ್ಲಿ ತೊಯ್ದೇ ಇರಬಹುದು. ನೋಡಬೇಕಾದದ್ದು ಮಾತು ಮತ್ತು ಬುದ್ಧಿ. ಜೊತೆಗಾರ ತೊದಲುತ್ತಿದ್ದಾನೆ, ಕಾರಣವಿಲ್ಲದೆ ರೇಗುತ್ತಿದ್ದಾನೆ, ಗೊತ್ತಿರುವ ಊರಿನ ಹೆಸರು ಕೇಳಿದರೆ ತಡವರಿಸುತ್ತಾನೆ, ಸೈಕಲ್ ರಸ್ತೆಯ ಒಂದು ಬದಿಗೆ ಎಳೆಯುತ್ತಿದೆ ಎಂದರೆ ಅವನ ಒಳಮೈ 40 ಡಿಗ್ರಿ ದಾಟಿರಬಹುದು. ಆಗ ಮೊದಲು ತಂಪು, ಆಮೇಲೆ ಆಸ್ಪತ್ರೆ. ಹತ್ತಿರದ ಪಂಪ್‌ಸೆಟ್ ತೊಟ್ಟಿಯೋ ಕಾಲುವೆಯ ನೀರೋ ಸಿಕ್ಕಲ್ಲಿ ಮೈ ಪೂರ್ತಿ ನೆನೆಸಬೇಕು, ಬಟ್ಟೆಯಿಂದ ಬೀಸುತ್ತಿರಬೇಕು, ಅಷ್ಟರೊಳಗೆ ಇನ್ನೊಬ್ಬರು 112ಕ್ಕೆ ಕರೆ ಮಾಡಲಿ. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಹುಯ್ಯುವುದು ಬೇಡ, ಶ್ವಾಸನಾಳಕ್ಕೆ ಹೋದೀತು.

ಕುಡಿಯುವುದರಲ್ಲೂ ಒಂದು ಸೂಕ್ಷ್ಮವಿದೆ. ಬೆವರಿನ ಒಂದು ಲೀಟರಿನಲ್ಲಿ ಸುಮಾರು ಒಂದು ಗ್ರಾಂ ಸೋಡಿಯಂ ಇರುತ್ತದೆ. ಆಳಿನಿಂದ ಆಳಿಗೆ ಇದು ಬಹಳ ವ್ಯತ್ಯಾಸವಾಗುತ್ತದೆ. ನಾಲ್ಕೈದು ಗಂಟೆ ಬೆವರು ಸುರಿಸಿ, ಬಾಯಾರಿಕೆಗಿಂತಲೂ ಹೆಚ್ಚಾಗಿ ಬರೀ ನೀರನ್ನೇ ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ, ಮಂಕು ಕವಿಯುತ್ತವೆ. ನೋಡುವವರಿಗೆ ಅದೂ ಬಿಸಿಲ ಹೊಡೆತದಂತೆಯೇ ಕಾಣುವುದರಿಂದ ಇನ್ನಷ್ಟು ನೀರು ಕುಡಿಸುತ್ತಾರೆ. ಔಷಧದಂಗಡಿಯ ಓಆರ್‌ಎಸ್ ಪೊಟ್ಟಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೋಡಿಯಾಗಿ ಒಳಗೆ ಹೋಗುವ ಬಾಗಿಲುಗಳಿವೆ, ಅವುಗಳ ಬೆನ್ನಿಗೆ ನೀರೂ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನೋಬಿಸ್ ಬನಗಾಂವ್‌ನಲ್ಲಿ ದೊಡ್ಡ ಮಟ್ಟದಲ್ಲಿ ಬಳಸಿ ತೋರಿಸಿದ್ದು ಇದೇ ತತ್ವವನ್ನು. ಈಗಿನ ಪೊಟ್ಟಣದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಲವಣಗಳು ಇರುತ್ತವೆ. ಸೈಕಲ್ಲಿಗೆ ಎರಡು ಬಾಟಲಿ ಕಟ್ಟಿ, ಒಂದರಲ್ಲಿ ಇದು, ಇನ್ನೊಂದರಲ್ಲಿ ಸಾದಾ ನೀರು ತುಂಬಿ. ತಲೆಯ ಮೇಲೆ ಹುಯ್ದುಕೊಳ್ಳಲು ಸಾದಾ ನೀರೇ ಬೇಕಲ್ಲ. ಉಪ್ಪು ಹಾಕಿದ ಮಜ್ಜಿಗೆ ಇದಕ್ಕಿಂತ ರುಚಿ, ಸಂದೇಹವಿಲ್ಲ. ಆದರೆ ಬಿಸಿಲಿಗೆ ಅದು ದಾರಿಯಲ್ಲೇ ಹುಳಿ ಬಂದು ಮುಚ್ಚಳ ಹಾರಿಸುತ್ತದೆ. ಮಜ್ಜಿಗೆಯನ್ನು ದಾರಿಯ ಅಂಗಡಿಯಲ್ಲಿ ಕುಡಿಯುವುದೇ ಕ್ಷೇಮ.

ಹತ್ತಿದ್ದು ಮುಗಿದು ಇಳಿಯಲು ಶುರುವಾದ ಗಳಿಗೆಯಲ್ಲಿ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಬೆಂಗಳೂರಿನ ಸವಾರರಿಗೆ ನಂದಿ ಬೆಟ್ಟ ಇದನ್ನು ಚೆನ್ನಾಗಿ ಕಲಿಸುತ್ತದೆ. 1,478 ಮೀಟರ್ ಎತ್ತರದ ನೆತ್ತಿಯನ್ನು ಡಿಸೆಂಬರ್ ನಸುಕಿನಲ್ಲಿ ಮುಟ್ಟಿದಾಗ ಬನಿಯನ್ ಹಿಂಡಿದರೆ ಬೆವರು ಇಳಿಯುವಂತಿರುತ್ತದೆ. ಮೇಲೆ ಒಂದು ಲೋಟ ಚಹಾ, ಎರಡು ಫೋಟೊ. ಆಮೇಲೆ ಪೆಡಲ್ ತುಳಿಯದೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಕೆಳಗೆ. ಕಾಲು ಕೆಲಸ ನಿಲ್ಲಿಸಿದ್ದರಿಂದ ಶಾಖದ ಉತ್ಪಾದನೆ ತಳ ಕಂಡಿದೆ. ಒದ್ದೆ ಬನಿಯನ್ ಮೇಲೆ ಗಾಳಿ ಬಡಿಯುತ್ತಿದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಐದನೇ ನಿಮಿಷಕ್ಕೆ ಹಲ್ಲು ಕಟಕಟ ಎನ್ನುತ್ತದೆ. ನಮ್ಮ ರಾಜ್ಯದಲ್ಲಿ ಸೈಕಲ್ಲಿನ ಮೇಲೆ ಚಳಿಗೆ ಸಾಯುವ ಸಂಭವ ಕಡಿಮೆ ಎಂದೇ ನಾನು ತಿಳಿದಿದ್ದೇನೆ. ಇಲ್ಲಿ ಚಳಿ ಕೊಲ್ಲಬಹುದಾದದ್ದು ಬೆರಳುಗಳ ಮೂಲಕ. ದೇಹ ತಣಿಯತೊಡಗಿದಾಗ ರಕ್ತವನ್ನು ಮೊದಲು ಕೈಕಾಲುಗಳಿಂದ ಹಿಂದಕ್ಕೆ ಕರೆಸಿಕೊಳ್ಳುತ್ತದೆ. ಮರಗಟ್ಟಿದ ಬೆರಳು ಬ್ರೇಕ್ ಹಿಡಿಯಲಾರದು.

ಇದರ ಅತಿರೇಕವನ್ನು ಜಗತ್ತು ಕಂಡದ್ದು 1988ರ ಜೂನ್ 5ರಂದು, ಇಟಲಿಯ ಗಾವಿಯಾ ಕಣಿವೆದಾರಿಯಲ್ಲಿ. ಜಿರೊ ಡಿ’ಇಟಾಲಿಯಾ ರೇಸಿನ ಆ ದಿನದ ಹಾದಿ 2,600 ಮೀಟರಿಗಿಂತ ಎತ್ತರದ ಆ ಘಾಟಿಯನ್ನು ದಾಟಿ ಬೋರ್ಮಿಯೊ ಪಟ್ಟಣಕ್ಕೆ ಇಳಿಯಬೇಕಿತ್ತು. ಕೆಳಗೆ ಮಳೆ, ಮೇಲೆ ಹಿಮಪಾತ. ಅಮೆರಿಕದ ಸೆವೆನ್-ಇಲೆವೆನ್ ತಂಡದವರು ಬೆಳಿಗ್ಗೆಯೇ ಹವೆಯ ಸುದ್ದಿ ತಿಳಿದು, ಸ್ಕೀ ಸಾಮಾನು ಮಾರುವ ಅಂಗಡಿಗಳಿಂದ ಉಣ್ಣೆಯ ಟೋಪಿ, ಕೈಗವಸು, ಬೆಚ್ಚನೆಯ ಉಡುಪು ಕೊಂಡು ಇಟ್ಟುಕೊಂಡರು. ಅವನ್ನು ಹತ್ತುವ ದಾರಿಯಲ್ಲಿ, ಬಿಸಿ ಪಾನೀಯದೊಡನೆ, ತಮ್ಮ ಸವಾರರ ಕೈಗೆ ಮುಟ್ಟಿಸುವ ಏರ್ಪಾಡು ಮಾಡಿದರು. ಮೊದಲು ಶಿಖರ ದಾಟಿದವನು ಡಚ್ ಸವಾರ ಯೋಹಾನ್ ವಾನ್ ಡೆರ್ ವೆಲ್ಡೆ. ಮೈಮೇಲೆ ಗಿಡ್ಡ ತೋಳಿನ ತೆಳು ಜೆರ್ಸಿ. ಹತ್ತುವಾಗ ಅದು ಸಾಕಾಗಿತ್ತು, ಒಳಗೆ ಒಲೆ ಉರಿಯುತ್ತಿತ್ತು. ಇಳಿಯತೊಡಗಿದ ಮೇಲೆ ಮುಂದುವರಿಯಲಾರದೆ ನಿಂತ. ಬೆಚ್ಚಗಾಗಿ ಮತ್ತೆ ಹೊರಟು ಬೋರ್ಮಿಯೊ ಸೇರುವ ಹೊತ್ತಿಗೆ ಮುಂದಿನವರಿಗಿಂತ ಸುಮಾರು 47 ನಿಮಿಷ ಹಿಂದೆ ಬಿದ್ದಿದ್ದ. ಸೆವೆನ್-ಇಲೆವೆನ್ ತಂಡದ ಆ್ಯಂಡಿ ಹ್ಯಾಂಪ್‌ಸ್ಟನ್ ಅಂದಿನ ಹಂತದಲ್ಲಿ ಎರಿಕ್ ಬ್ರೂಕಿಂಕ್‌ಗಿಂತ 7 ಸೆಕೆಂಡು ತಡವಾಗಿ ಎರಡನೆಯವನಾದ, ಆದರೆ ಒಟ್ಟು ರೇಸಿನ ಮುಂದಾಳುತನ ಅವನ ಪಾಲಾಯಿತು. ಕೊನೆಗೆ ಜಿರೊ ಗೆದ್ದ ಮೊದಲ ಅಮೆರಿಕನ್ ಅವನೇ.

ಸೊನ್ನೆ ಡಿಗ್ರಿಯ ಗಾಳಿಯಲ್ಲಿ ಗಂಟೆಗೆ 50 ಕಿ.ಮೀ. ವೇಗದಿಂದ ಇಳಿದರೆ ಬರಿ ಚರ್ಮಕ್ಕೆ ಅದು ಮೈನಸ್ 8 ಡಿಗ್ರಿಯಂತೆ ತಾಗುತ್ತದೆ, ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ಅಂದು ಸೆವೆನ್-ಇಲೆವೆನ್ ತಂಡದ ಜಾಣತನ ಬೆಚ್ಚನೆ ಬಟ್ಟೆ ಕೊಂಡದ್ದರಲ್ಲಷ್ಟೇ ಇರಲಿಲ್ಲ. ಬಟ್ಟೆ ಬೇಕಾಗುವುದು ಶಿಖರದಲ್ಲಿ ಎಂದು ಮೊದಲೇ ಊಹಿಸಿದ್ದರು. ಹತ್ತುವ ಮೊದಲೇ ತೊಟ್ಟಿದ್ದರೆ ಅದು ಬೆವರಿನಿಂದ ನೆನೆದು ಇಳಿಯುವಾಗ ನಿಷ್ಪ್ರಯೋಜಕವಾಗುತ್ತಿತ್ತು. ಹಳೆಯ ಕಾಲದ ಯುರೋಪಿನ ಸವಾರರು ಶಿಖರದಲ್ಲಿ ದಿನಪತ್ರಿಕೆಯೊಂದನ್ನು ಎದೆಯ ಮೇಲೆ, ಜೆರ್ಸಿಯ ಒಳಗೆ ತುರುಕಿಕೊಳ್ಳುತ್ತಿದ್ದರು. ಕಾಗದ ಗಾಳಿಯನ್ನು ತಡೆಯುತ್ತದೆ, ಮಡಿಕೆಗಳ ನಡುವೆ ಒಂದಿಷ್ಟು ಬೆಚ್ಚನೆ ಗಾಳಿಯನ್ನು ಹಿಡಿದಿಡುತ್ತದೆ. ನಂದಿಗೂ ಮುಳ್ಳಯ್ಯನಗಿರಿಗೂ ಈ ಉಪಾಯ ಧಾರಾಳ ಸಾಕು. ಒಣ ಬನಿಯನ್ನೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕ್ಯಾರಿಯರಿಗೆ ಕಟ್ಟಿಕೊಂಡರಂತೂ ರಾಜಭೋಗ.

ಮಲೆನಾಡಿನ ಮಳೆಯಲ್ಲಿ ನೆನೆಯದೇ ಇರಲು ಸಾಧ್ಯವೇ ಎಂದು ಕೇಳಿದರೆ, ಇಲ್ಲ. ಎಷ್ಟೇ ದುಬಾರಿಯ ರೇನ್‌ಕೋಟ್ ಆದರೂ ತುಳಿಯುವಾಗ ಒಳಗಿನಿಂದ ಬೆವರು ನೆನೆಸುತ್ತದೆ. ‘ಉಸಿರಾಡುವ’ ಬಟ್ಟೆಗಳು ಒಳಗಿನ ಆವಿಯನ್ನು ಹೊರಗೆ ಬಿಡಬೇಕಾದರೆ ಹೊರಗಿನ ಗಾಳಿ ಒಳಗಿಗಿಂತ ಒಣಗಿರಬೇಕು. ಆಗುಂಬೆಯ ಜುಲೈಯಲ್ಲಿ ಅಂಥ ಗಾಳಿಯನ್ನು ಎಲ್ಲಿಂದ ತರುವುದು? ನೆನೆದರೂ ಬೆಚ್ಚಗಿರುವುದು ಹೇಗೆಂದು ಯೋಚಿಸುವುದೇ ಲೇಸು. ಮಲೆನಾಡಿನ ರೈತರು ಗದ್ದೆಗೆ ಹೊದ್ದು ಹೋಗುವ ಕಂಬಳಿ ಕೊಪ್ಪೆಯ ಗುಟ್ಟು ಅದೇ. ಉಣ್ಣೆಯ ಎಳೆ ತನ್ನೊಳಗೆ ಬಹಳಷ್ಟು ತೇವವನ್ನು ಹೀರಿಕೊಂಡರೂ ಸುರುಳಿ ಬಿಡದೆ ಗಾಳಿಯ ಗೂಡುಗಳನ್ನು ಉಳಿಸಿಕೊಳ್ಳುತ್ತದೆ. ಹತ್ತಿ ಹಾಗಲ್ಲ, ನೆನೆದ ಕೂಡಲೇ ಮೈಗೆ ಮೆತ್ತಿಕೊಳ್ಳುತ್ತದೆ. ಮಳೆಗಾಲದ ಸವಾರಿಗೆ ಜೀನ್ಸ್ ಪ್ಯಾಂಟು ತೊಡುವವರನ್ನು ಕಂಡಾಗ ಅಯ್ಯೋ ಅನ್ನಿಸುತ್ತದೆ.

ಈಗ ಬ್ರೇಕು. ಸವಾರ ಮತ್ತು ಸೈಕಲ್ ಸೇರಿ 90 ಕಿಲೊ ತೂಕ, 500 ಮೀಟರ್ ಎತ್ತರದಿಂದ ಇಳಿಯಬೇಕು ಎಂದಿಟ್ಟುಕೊಳ್ಳಿ. ಹತ್ತುವಾಗ ಕೂಡಿಸಿಟ್ಟ ಶಕ್ತಿ ಸುಮಾರು 4.4 ಲಕ್ಷ ಜೂಲ್; ಒಂದೂಕಾಲು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಒಂದಿಷ್ಟನ್ನು ಗಾಳಿ ತಿನ್ನುತ್ತದೆ. ನಿಧಾನವಾಗಿ ಇಳಿದಷ್ಟೂ ಗಾಳಿಯ ಪಾಲು ಕಡಿಮೆ, ಬ್ರೇಕಿನ ಪಾಲು ಹೆಚ್ಚು. ಇಡೀ ಘಾಟಿಯನ್ನು ಬ್ರೇಕ್ ಅಮುಕಿಕೊಂಡೇ ಇಳಿಯುವ ಅಂಜುಬುರುಕ ಸವಾರನ ರಿಮ್ ಕೈ ಸುಡುವಷ್ಟು ಕಾಯುವುದು ಇದಕ್ಕೇ. ಒಣ ದಿನದಲ್ಲಿ ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು, ನೇರ ದಾರಿಯಲ್ಲಿ ಬಿಟ್ಟು, ರಿಮ್ಮಿಗೆ ಗಾಳಿ ತಗಲುವಂತೆ ನೋಡಿಕೊಳ್ಳಬೇಕು.

ಮಳೆಯಲ್ಲಿ ತೊಂದರೆ ಬೇರೆ. ರಿಮ್ ಮತ್ತು ಬ್ರೇಕ್ ರಬ್ಬರಿನ ನಡುವೆ ನೀರಿನ ಪದರ ನಿಂತಿರುತ್ತದೆ. ಹಿಡಿದ ಬ್ರೇಕು ಮೊದಲ ಕೆಲವು ಸುತ್ತುಗಳಲ್ಲಿ ನೀರು ಒರೆಸುವ ಕೆಲಸವನ್ನಷ್ಟೇ ಮಾಡುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡು ಹೀಗೆ ಕಳೆದರೆ 8 ಮೀಟರ್ ಹೋಯಿತು. ಆಗುಂಬೆಯ ಹೇರ್‌ಪಿನ್ ತಿರುವಿನಲ್ಲಿ ಅಷ್ಟು ರಸ್ತೆಯೇ ಇರುವುದಿಲ್ಲ. ಅಲ್ಯೂಮಿನಿಯಂ ರಿಮ್ಮುಗಳು ಪರವಾಗಿಲ್ಲ. ನಮ್ಮ ಹಳೆಯ ರಾಡ್ ಬ್ರೇಕ್ ಸೈಕಲ್ಲುಗಳ ಕ್ರೋಮ್ ಲೇಪದ ಉಕ್ಕಿನ ರಿಮ್ ನೆನೆದಾಗ ಬ್ರೇಕ್ ಇದೆ ಎಂಬುದೇ ನಾಮಮಾತ್ರ. ಅಂಥ ಸೈಕಲ್ಲನ್ನು ಮಳೆಯಲ್ಲಿ ಘಾಟಿಯಲ್ಲಿ ತಳ್ಳಿಕೊಂಡು ಇಳಿಯುವವರನ್ನು ನೋಡಿ ನಗಬೇಡಿ, ಅವರಿಗೆ ಭೌತವಿಜ್ಞಾನ ಗೊತ್ತಿದೆ. ಉಳಿದವರು ತಿರುವು ಬರುವ ಮುಂಚೆಯೇ ಬ್ರೇಕನ್ನು ಹಗುರವಾಗಿ ತಾಗಿಸಿ ರಿಮ್ ಒರೆಸಿಕೊಂಡಿರಬೇಕು.

ಟಯರ್ ಸವೆದಿದೆ, ನೀರಿನ ಮೇಲೆ ತೇಲಿ ಜಾರುತ್ತದೆ ಎಂಬ ಹೆದರಿಕೆ ಮಾತ್ರ ಸೈಕಲ್ಲಿಗೆ ಅನ್ವಯಿಸುವುದಿಲ್ಲ. ವಿಮಾನದ ಚಕ್ರಗಳಿಗಾಗಿ ನಾಸಾ ಕಂಡುಕೊಂಡ ಸೂತ್ರದ ಪ್ರಕಾರ 50 ಪಿಎಸ್‌ಐ ಒತ್ತಡದ ಟಯರು ನೀರಿನ ಮೇಲೆ ತೇಲಬೇಕಾದರೆ ವೇಗ ಗಂಟೆಗೆ ನೂರು ಕಿ.ಮೀ. ದಾಟಬೇಕು. ಜಾರಿಸುವುದು ನೀರಲ್ಲ, ನೀರಿನಡಿಯ ಬಿಳಿ ಬಣ್ಣದ ಪಟ್ಟೆ, ಪಾಚಿ, ಕಬ್ಬಿಣದ ಮುಚ್ಚಳ, ಕೊಳೆತ ಎಲೆ. ಇವೆಲ್ಲಕ್ಕಿಂತ ಕೆಟ್ಟದ್ದು ಬೇಸಿಗೆಯ ಮೊದಲ ಮಳೆಯ ಮೊದಲ ಹದಿನೈದು ನಿಮಿಷ. ತಿಂಗಳುಗಟ್ಟಲೆ ರಸ್ತೆಗೆ ಸುರಿದ ಆಯಿಲ್ ಮೇಲೆದ್ದು ಬರುವ ಹೊತ್ತು ಅದು.

ಪಂಕ್ಚರ್ ಆಗುವುದೂ ಮಳೆಯಲ್ಲೇ ಹೆಚ್ಚು ಎನ್ನುವುದು ಸವಾರರ ಹಳೆಯ ದೂರು, ಅದಕ್ಕೆ ಆಧಾರವೂ ಇದೆ. ಒಣ ಚಾಕುವಿಗಿಂತ ನೆನೆದ ಚಾಕು ರಬ್ಬರನ್ನು ಸಲೀಸಾಗಿ ಕೊಯ್ಯುತ್ತದೆ, ನೀರು ಅಲ್ಲಿ ಎಣ್ಣೆಯ ಕೆಲಸ ಮಾಡುತ್ತದೆ. ಗಾಜಿನ ಚೂರು ಟಯರಿಗೂ ಹಾಗೆಯೇ ಇಳಿಯುತ್ತದೆ. ಜೊತೆಗೆ ಹರಿಯುವ ನೀರು ರಸ್ತೆಯ ಕಸವನ್ನೆಲ್ಲ ನಾವು ಸಾಗುವ ಅಂಚಿಗೇ ತಂದು ರಾಶಿ ಹಾಕುತ್ತದೆ. ಆಮೇಲಿನ ಕಷ್ಟ ಇನ್ನೂ ದೊಡ್ಡದು. ಟ್ಯೂಬ್ ಉಜ್ಜಿ, ಸಲ್ಯೂಷನ್ ಹಚ್ಚಿ, ಅದು ಒಣಗುವವರೆಗೆ ಕಾಯಬೇಕಷ್ಟೆ? ಸಲ್ಯೂಷನ್ನಿನ ದ್ರಾವಕ ಆವಿಯಾಗುವಾಗ ಆ ಜಾಗ ತಣ್ಣಗಾಗುತ್ತದೆ. ಹವೆಯ ತೇವಾಂಶ ಶೇ 95 ಇರುವಾಗ ಆ ತಂಪಿಗೆ ಗಾಳಿಯ ತೇವವೇ ಮಂಜಿನಂತೆ ಬಂದು ಕೂರುತ್ತದೆ. ಅದರ ಮೇಲೆ ಎಷ್ಟೇ ಒತ್ತಿದರೂ ಪ್ಯಾಚ್ ಹಿಡಿಯದು. ಜೋರು ಮಳೆಯಲ್ಲಿ ದಾರಿಬದಿ ಪ್ಯಾಚ್ ಹಾಕಲು ಕೂರುವುದು ಇಂಬಳಗಳಿಗೆ ಊಟ ಬಡಿಸಿದಂತೆಯೇ ಸರಿ. ಹೊಸ ಟ್ಯೂಬ್ ಒಂದು ಚೀಲದಲ್ಲಿರಲಿ, ಬದಲಿಸಿ ಹೊರಡಿ, ತೂತಾದದ್ದನ್ನು ಮನೆಯಲ್ಲಿ ಕೂತು ಸರಿಮಾಡಿಕೊಳ್ಳಿ. ಟ್ಯೂಬ್ ಬದಲಿಸುವ ಮೊದಲು ಮೈಮೇಲೆ ಇನ್ನೊಂದು ಬಟ್ಟೆ ಹಾಕಿಕೊಳ್ಳಬೇಕು. ಕೈ ನಡುಗತೊಡಗಿದ ಮೇಲೆ ಹಾಕಿಕೊಳ್ಳುವೆನೆಂದರೆ ಟಯರನ್ನು ರಿಮ್ಮಿಗೆ ಕೂರಿಸುವ ಶಕ್ತಿ ಬೆರಳಿಗೆ ಉಳಿದಿರುವುದಿಲ್ಲ.

ಬಿಸಿಲಿಗೆ ಟಯರ್ ಸಿಡಿಯುತ್ತದೆ, ಅದಕ್ಕೇ ಬೇಸಿಗೆಯಲ್ಲಿ ಗಾಳಿ ಕಡಿಮೆ ಹೊಡೆಸಬೇಕು ಎಂದು ಪಂಕ್ಚರ್ ಅಂಗಡಿಯವರು ಹೇಳುವುದುಂಟು. ಬೆಳಿಗ್ಗೆ 25 ಡಿಗ್ರಿಯಲ್ಲಿ 60 ಪಿಎಸ್‌ಐ ತುಂಬಿದ ಟ್ಯೂಬು ಮಧ್ಯಾಹ್ನ 55 ಡಿಗ್ರಿಗೆ ಕಾದರೂ ಒತ್ತಡ ಏರುವುದು ಏಳೆಂಟು ಪಿಎಸ್‌ಐ ಮಾತ್ರ. ಗಟ್ಟಿಮುಟ್ಟಾದ ಟಯರು ಅಷ್ಟಕ್ಕೆ ಸಿಡಿಯದು. ಸಿಡಿದರೆ ಅದು ಮೊದಲೇ ಪಕ್ಕದಲ್ಲಿ ಬಿರುಕುಬಿಟ್ಟ ಟಯರು. ಕಡಿಮೆ ಗಾಳಿಯಲ್ಲಿ ಓಡಿಸಿದರೆ ಗುಂಡಿಯ ಅಂಚಿಗೆ ರಿಮ್ ಬಡಿದು ಟ್ಯೂಬಿಗೆ ಎರಡು ತೂತು ಬೀಳುವ ಸಂಭವವೇ ಹೆಚ್ಚು. ಬೇಸಿಗೆಯಲ್ಲಿ ನಿಜವಾಗಿ ಕೈಕೊಡುವುದು ಹಳೆಯ ಮಾದರಿ ವಾಲ್ವಿನ ಒಳಗಿರುವ ಸಣ್ಣ ರಬ್ಬರ್ ಕೊಳವೆ, ಅಂಗಡಿಯವರ ಬಾಯಲ್ಲಿ ವಾಲ್ ಟ್ಯೂಬ್. ಒಣಗಿ ಸೀಳುತ್ತದೆ, ಗಾಳಿ ಸದ್ದಿಲ್ಲದೆ ಇಳಿಯುತ್ತದೆ. ಬೆರಳುದ್ದದ ತುಂಡು ಜೇಬಿನಲ್ಲಿದ್ದರೆ ಚಿಂತೆಯಿಲ್ಲ.

ಗಾಳಿಯ ವಿಷಯಕ್ಕೆ ಬಂದರೆ, ಚಿತ್ರದುರ್ಗ ಮತ್ತು ಗದಗದ ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳೇ ಸವಾರರಿಗೆ ಎಚ್ಚರಿಕೆಯ ಫಲಕ. ನೆಟ್ಟಗೆ ಕೂತ ಸವಾರ ಗಂಟೆಗೆ 20 ಕಿ.ಮೀ. ವೇಗದಲ್ಲಿ ನಿಶ್ಚಲ ಗಾಳಿಯನ್ನು ಸೀಳಲು ಸುಮಾರು 50 ವ್ಯಾಟ್ ಖರ್ಚು ಮಾಡುತ್ತಾನೆ. ಎದುರಿನಿಂದ 20 ಕಿ.ಮೀ. ವೇಗದ ಗಾಳಿ ಬೀಸಿದರೆ ಅದೇ ವೇಗಕ್ಕೆ 200 ವ್ಯಾಟ್ ಬೇಕು. ನಮ್ಮಲ್ಲಿ ಬಹುಪಾಲು ಜನರಿಂದ ಅದು ಹೆಚ್ಚು ಹೊತ್ತು ಆಗದ ಕೆಲಸ, ಹಾಗಾಗಿ ವೇಗ ಅರ್ಧಕ್ಕೆ ಇಳಿಯುತ್ತದೆ. ಹಿಂಗಾಳಿಯಲ್ಲಿ ಹೋಗುವಾಗ ಮೋಸ ಗೊತ್ತಾಗುವುದೇ ಇಲ್ಲ. ಕಾಲು ಚುರುಕಾಗಿದೆ ಎಂದುಕೊಂಡು ಇನ್ನೂ ಹತ್ತು ಕಿ.ಮೀ. ಮುಂದೆ ಹೋಗುತ್ತೇವೆ. ತಿರುಗಿದಾಗ ನೀರು ಅರ್ಧ ಖಾಲಿ, ಹೊತ್ತು ಇಳಿಮುಖ. ಮುಂಗಾರಿನ ತಿಂಗಳುಗಳಲ್ಲಿ ಬಯಲುಸೀಮೆಯ ಗಾಳಿ ಪಶ್ಚಿಮದ ಕಡೆಯಿಂದ ಬೀಸುವುದರಿಂದ ಬೆಳಿಗ್ಗೆ ಪಶ್ಚಿಮಕ್ಕೆ ಮುಖಮಾಡಿ ಹೊರಟು, ದಣಿದ ಮೇಲೆ ಗಾಳಿಯ ಬೆನ್ನೇರಿ ಮರಳುವುದು ಒಳ್ಳೆಯದು.

ಸಿಡಿಲಿನ ಬಗ್ಗೆ ಹೆಚ್ಚು ವಾದ ಬೇಡ. ರಬ್ಬರ್ ಟಯರ್ ಇದೆ, ಸೈಕಲ್ ಮೇಲಿದ್ದರೆ ಸಿಡಿಲು ತಟ್ಟದು ಎನ್ನುವವರಿಗೆ ಒಂದೇ ಪ್ರಶ್ನೆ: ಕಿಲೊಮೀಟರುಗಟ್ಟಲೆ ಗಾಳಿಯನ್ನು ಸೀಳಿಕೊಂಡು ಬಂದ ಮಿಂಚಿಗೆ ಬೆರಳಗಲದ ರಬ್ಬರು ಯಾವ ಲೆಕ್ಕ? ಕಾರು ರಕ್ಷಿಸುವುದು ಟಯರಿನಿಂದಲ್ಲ, ಸುತ್ತುವರಿದ ಲೋಹದ ಮೈಯಿಂದ. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಮೇಲೆ ಕಟ್ಟುವ ಮೋಡಗಳಡಿ ಹತ್ತಿ, ತೊಗರಿ ಹೊಲಗಳ ನಡುವಿನ ರಸ್ತೆಯಲ್ಲಿ ಸುತ್ತಲಿನ ಅತಿ ಎತ್ತರದ ವಸ್ತು ನೀವೇ ಆಗಿರುತ್ತೀರಿ. ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ದೂರ ಕಿಲೊಮೀಟರುಗಳಲ್ಲಿ ಸಿಗುತ್ತದೆ. ಮೂವತ್ತಕ್ಕಿಂತ ಕಡಿಮೆ ಎಣಿಸಿದರೆ ಪಕ್ಕಾ ಕಟ್ಟಡವೊಂದರೊಳಗೆ ಹೋಗಿ, ಇಲ್ಲವೇ ಬರುವ ಬಸ್ಸನ್ನು ಕೈಮಾಡಿ ನಿಲ್ಲಿಸಿ ಹತ್ತಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲೇ ಇರಿ. ಒಂಟಿ ಮರದ ಬುಡ ಬೇಡವೇ ಬೇಡ. ಪುಣೆಯ ಹವಾವಿಜ್ಞಾನ ಸಂಸ್ಥೆಯ ‘ದಾಮಿನಿ’, ನಮ್ಮ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್‌ಗಳು ಇರುವುದೇ ಇದಕ್ಕಾಗಿ.

ಹಳ್ಳ ತುಂಬಿ ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ, ಮೊಣಕಾಲಿನಷ್ಟೇ ತಾನೆ ಎಂದು ಸೈಕಲ್ ತಳ್ಳಿಕೊಂಡು ಇಳಿಯುವವರಿಗೂ ಒಂದು ಅಂಕಿ. ನೀರು ಗಾಳಿಗಿಂತ 800 ಪಟ್ಟು ಸಾಂದ್ರ. ಸೆಕೆಂಡಿಗೆ ಎರಡು ಮೀಟರ್ ಹರಿಯುವ ನೀರು ಕಾಲಿಗೂ ಚಕ್ರಕ್ಕೂ ಒತ್ತುವುದು ಗಂಟೆಗೆ 200 ಕಿ.ಮೀ. ವೇಗದ ಗಾಳಿ ಒತ್ತುವಷ್ಟು. ಕೆಂಪು ನೀರಿನಡಿ ಸೇತುವೆ ಇನ್ನೂ ಇದೆಯೋ ಇಲ್ಲವೋ ಎಂಬುದು ಬೇರೆ ಮಾತು.

ಇನ್ನು ರಿಪೇರಿ. 1913ರ ಟೂರ್ ಡಿ ಫ್ರಾನ್ಸಿನಲ್ಲಿ ಯೂಜೆನ್ ಕ್ರಿಸ್ಟೋಫ್ ಎಂಬಾತನ ಸೈಕಲ್ಲಿನ ಮುಂದಿನ ಫೋರ್ಕ್ ಟೂರ್‌ಮಾಲೆ ಘಾಟಿ ಇಳಿಯುವಾಗ ಮುರಿಯಿತು. ಹೊರಗಿನವರ ನೆರವು ಪಡೆಯಬಾರದೆಂಬ ನಿಯಮ. ಸೈಕಲ್ ಹೊತ್ತು ಹತ್ತಕ್ಕೂ ಹೆಚ್ಚು ಕಿ.ಮೀ. ನಡೆದು ಕೆಳಗಿನ ಹಳ್ಳಿಯ ಕಮ್ಮಾರಸಾಲೆಗೆ ಹೋಗಿ, ತಾನೇ ಕಬ್ಬಿಣ ಬಡಿದು ಬೆಸೆದುಕೊಂಡ. ತಿದಿ ಒತ್ತಲು ಹುಡುಗನೊಬ್ಬನನ್ನು ಬಿಟ್ಟುಕೊಂಡನೆಂದು ಅವನ ಮೇಲೆ ಸಮಯದ ದಂಡವನ್ನೂ ಹಾಕಿದರು! ಉಕ್ಕಿನ ಸೈಕಲ್ಲಿಗೆ ಇಂದಿಗೂ ಈ ಅನುಕೂಲ ಇದೆ. ಯಾವ ತಾಲ್ಲೂಕು ಕೇಂದ್ರದ ವೆಲ್ಡಿಂಗ್ ಅಂಗಡಿಯಲ್ಲೂ ಮನೆ ಸೇರುವಷ್ಟರ ಮಟ್ಟಿಗೆ ಬೆಸೆದು ಕೊಡುತ್ತಾರೆ. ಕಾರ್ಬನ್ ಫ್ರೇಮಿಗೆ ಅದು ಆಗದು. ತೆಳು ಟಯರಿನ ರೇಸಿಂಗ್ ಸೈಕಲ್ಲಿನ ಟ್ಯೂಬು ಹಳ್ಳಿಯ ಅಂಗಡಿಯಲ್ಲಿ ಸಿಗುವುದಿಲ್ಲ, ಅದರ ಸಪೂರ ವಾಲ್ವಿಗೆ ಅಲ್ಲಿನ ಪಂಪು ಕೂರುವುದಿಲ್ಲ. ಚಿಟಿಕೆ ಗಾತ್ರದ ಹಿತ್ತಾಳೆ ಅಡಾಪ್ಟರ್ ಒಂದನ್ನು ವಾಲ್ವಿಗೇ ಸಿಕ್ಕಿಸಿಟ್ಟಿದ್ದರೆ ಲಾರಿ ಟಯರಿನ ಕಂಪ್ರೆಸರಿನಿಂದಲೂ ಗಾಳಿ ತುಂಬಿಸಬಹುದು, ಒಂದೊಂದೇ ಸೆಕೆಂಡು ಮಾತ್ರ.

ರಿಪೇರಿಯೂ ಆಗದೆ ದಾರಿಯಲ್ಲೇ ಉಳಿದರೆ ನೆರವು ಕರೆಯಬೇಕು, ಆದರೆ ಘಾಟಿಗಳಲ್ಲಿ ಫೋನು ಸಿಗುವ ಭರವಸೆಯಿಲ್ಲ. ‘ಸಂಜೆಗೆ ಬರುತ್ತೇನೆ’ ಎಂದಷ್ಟೇ ಹೇಳಿ ಹೊರಟವನು ಬಾರದಿದ್ದರೆ, ಗಂಟೆಗೆ 15 ಕಿ.ಮೀ.ಯಂತೆ ಎಂಟು ಗಂಟೆಯ ದಾರಿ ಎಂದರೂ 120 ಕಿ.ಮೀ. ರಸ್ತೆಯನ್ನು ಹುಡುಕಬೇಕಾಗುತ್ತದೆ. ಕೊಪ್ಪ ದಾಟಿದೆ, ಶೃಂಗೇರಿ ದಾಟಿದೆ ಎಂದು ಸಿಗ್ನಲ್ ಸಿಕ್ಕಲ್ಲೆಲ್ಲ ಒಂದು ಸಾಲು ಸಂದೇಶ ಕಳಿಸುತ್ತ ಹೋದವನನ್ನು ಹುಡುಕಲು ಎರಡು ಊರುಗಳ ನಡುವಿನ ರಸ್ತೆ ಸಾಕು, ಜೀಪಿನಲ್ಲಿ ಅದು ಒಂದು ಗಂಟೆಯ ಕೆಲಸ.